ಯೂರಿಯಾ ಕಾಳಿಗೆ ಎಣ್ಣೆಯ ಪೊರೆ: ನಿಧಾನವಾಗಿ ಬಿಡುವ ಗೊಬ್ಬರವನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವ ಸಮಗ್ರ ಮಾರ್ಗದರ್ಶಿ

ಅಂಗಡಿಯಿಂದ ತಂದ 45 ಕಿಲೋ ಯೂರಿಯಾ ಮೂಟೆಯ ಮೇಲೆ ‘ಬೇವು ಲೇಪಿತ’ ಎಂದು ಬರೆದಿರುತ್ತದೆ. ನಮ್ಮ ದೇಶದಲ್ಲಿ ರೈತರಿಗೆ ಮಾರುವ ಯೂರಿಯಾಕ್ಕೆಲ್ಲ 2015ರಿಂದ ಈ ಲೇಪನ ಕಡ್ಡಾಯ. ಅದನ್ನು ಓದಿದವರು ‘ಲೇಪನ ಆಗಲೇ ಇದೆಯಲ್ಲ, ಇನ್ನೊಂದು ಏಕೆ’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಇರಬೇಕಾದ ಬೇವಿನೆಣ್ಣೆಯ ಕನಿಷ್ಠ ಪ್ರಮಾಣ ಶೇ 0.035. ಲೆಕ್ಕ ಹಾಕಿದರೆ ಇಡೀ ಮೂಟೆಗೆ ಸುಮಾರು 16 ಗ್ರಾಂ, ಒಂದು ದೊಡ್ಡ ಚಮಚದಷ್ಟು. ಅಷ್ಟು ಎಣ್ಣೆ ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳ ಕೆಲಸವನ್ನು ತಡಮಾಡುತ್ತದೆ. ಅದು ಒಳ್ಳೆಯದೇ. ಆದರೆ ಕಾಳು ನೀರಿಗೆ ಬಿದ್ದೊಡನೆ ಕರಗುವುದನ್ನು ಅದು ತಡೆಯುವುದಿಲ್ಲ. ಒಂದು ಲೋಟ ನೀರಿಗೆ ಹತ್ತು ಕಾಳು ಹಾಕಿ ನೋಡಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಲೋಟದಲ್ಲಿ ಏನೂ ಇರುವುದಿಲ್ಲ.

ಎಣ್ಣೆ ಸವರುವುದಕ್ಕೂ ಎಣ್ಣೆಯಿಂದ ಪೊರೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವೇ ಈ ಬರಹದ ವಿಷಯ. ಪೊರೆ ಎಂದರೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪಾಲಿಮರ್. ಅದು ಕಾಳನ್ನು ಎಲ್ಲಿಯೂ ಬಿರುಕಿಲ್ಲದೆ ಸುತ್ತಿರಬೇಕು. ಆಗ ಮಣ್ಣಿನ ತೇವ ಆವಿಯಾಗಿ ನಿಧಾನವಾಗಿ ಒಳಗೆ ಇಳಿಯುತ್ತದೆ, ಒಳಗಿನ ಯೂರಿಯಾ ಪಾಕವಾಗುತ್ತದೆ, ಆ ಪಾಕ ಪೊರೆಯ ಮೂಲಕ ವಾರಗಟ್ಟಲೆ ಹೊರಗೆ ಜಿನುಗುತ್ತದೆ. ಪೊರೆ ದುರ್ಬಲವಾಗಿದ್ದರೆ ಒಳಗಿನ ಒತ್ತಡಕ್ಕೆ ಒಡೆದು ಎಲ್ಲವೂ ಒಮ್ಮೆಲೇ ಹೊರಬರುತ್ತದೆ.

ಇದು ಹೊಸ ವಿಚಾರವೇನೂ ಅಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಆಸ್ಮೋಕೋಟ್ ಗೊಬ್ಬರದ ಲೇಪನವೂ ಸಸ್ಯತೈಲ ಬೆರೆತ ಆಲ್ಕಿಡ್ ಜಾತಿಯ ರಾಳವೇ. ನಡುವೆ ಪಾಲಿಎಥಿಲೀನ್‌ನಂಥ ಪ್ಲಾಸ್ಟಿಕ್ ಲೇಪನಗಳು ಬಂದವು. ಜಪಾನಿನ ಭತ್ತದ ಗದ್ದೆಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡಿದವು, ಆದರೆ ಯೂರಿಯಾ ಕರಗಿಹೋದ ಮೇಲೆ ಉಳಿದ ಖಾಲಿ ಕೋಶಗಳು ಕಾಲುವೆಯಲ್ಲಿ ತೇಲಿ ಸಮುದ್ರ ಸೇರತೊಡಗಿದವು. ಐರೋಪ್ಯ ಒಕ್ಕೂಟದ 2019ರ ಗೊಬ್ಬರ ನಿಯಮ ಒಂದು ಅಳತೆಗೋಲನ್ನೇ ಇಟ್ಟಿದೆ: ಲೇಪನದ ಕೆಲಸ ಮುಗಿದ ಮೇಲೆ 48 ತಿಂಗಳೊಳಗೆ ಅದರ ಸಾವಯವ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ಆದ್ದರಿಂದಲೇ ಜಗತ್ತಿನ ಪ್ರಯೋಗಾಲಯಗಳು ಮತ್ತೆ ಗಾಣದ ಕಡೆಗೆ ತಿರುಗಿವೆ.

ಯಾವ ಎಣ್ಣೆ

ಬೇವು, ಹೊಂಗೆ ಎರಡೂ ನಮ್ಮ ಹಿತ್ತಲಿನ ಮರಗಳು, ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಇವು ಒಣಗುವ ಎಣ್ಣೆಗಳಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಪೊರೆಯಾಗಲು ಅದರ ಕೊಬ್ಬಿನಾಮ್ಲಗಳಲ್ಲಿ ಸಾಕಷ್ಟು ಜೋಡಿಬಂಧಗಳಿರಬೇಕು. ಅದನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆಯದು 170ರಿಂದ 200, ಬೇವು ಮತ್ತು ಹೊಂಗೆಯದು ನೂರರ ಕೆಳಗೆ. ಹೊಂಗೆ ಎಣ್ಣೆಯನ್ನು ತಿಂಗಳುಗಟ್ಟಲೆ ಬಿಸಿಲಿಗಿಟ್ಟರೂ ಅಂಟು ಜಿಡ್ಡಾಗಿಯೇ ಉಳಿಯುತ್ತದೆ. ಅದರಲ್ಲಿರುವ ಕರಂಜಿನ್ ಬೇವಿನಂತೆಯೇ ನೈಟ್ರೇಟ್ ತಯಾರಿಯನ್ನು ತಡಮಾಡುತ್ತದೆ, ಆದ್ದರಿಂದ ಅದು ಪೊರೆಯ ಒಳಗೆ ಸೇರಬಹುದೇ ಹೊರತು ತಾನೇ ಪೊರೆಯಾಗಲಾರದು.

ಉಳಿಯುವುದು ಎರಡು ದಾರಿ. ಅಗಸೆ ಎಣ್ಣೆ ಗಾಳಿಯಲ್ಲಿ ತಾನೇ ಒಣಗುತ್ತದೆ. ಹರಳೆಣ್ಣೆ ಒಣಗುವುದಿಲ್ಲ, ಆದರೆ ಅದರ ಶೇ 85–90 ಭಾಗ ರಿಸಿನೋಲಿಯಿಕ್ ಆಮ್ಲ. ಆ ಆಮ್ಲದಲ್ಲಿ ಹುಟ್ಟಿನಿಂದಲೇ ಒಂದು ಹೈಡ್ರಾಕ್ಸಿಲ್ ಗುಂಪು ಇರುವುದರಿಂದ ಐಸೊಸಯನೇಟ್ ಎಂಬ ಚುರುಕು ರಾಸಾಯನಿಕದ ಜೊತೆ ಸೇರಿದರೆ ಪಾಲಿಯುರೆಥೇನ್ ಎಂಬ ಗಟ್ಟಿ ಪಾಲಿಮರ್ ಆಗುತ್ತದೆ. ಮೊದಲನೆಯದು ಆಸಕ್ತ ರೈತರು, ಶಾಲಾ ಶಿಕ್ಷಕರು, ಕೃಷಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ಎರಡನೆಯದು ವಿಷಾವಿಯನ್ನು ಹೊರಗೆಳೆಯುವ ಹೊಗೆಗೂಡು ಇರುವ ಕಾಲೇಜು ಪ್ರಯೋಗಾಲಯಕ್ಕೆ ಮಾತ್ರ.

ಕೈ ಹಾಕುವ ಮುನ್ನ ಮೂರು ಎಚ್ಚರಿಕೆ

ಲೇಪನ ಮಾಡುವುದು ಯೂರಿಯಾಕ್ಕೆ ಮಾತ್ರ. ಕ್ಯಾಲ್ಸಿಯಂ ಅಮೋನಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್‌ನಂಥ ನೈಟ್ರೇಟ್ ಗೊಬ್ಬರಗಳನ್ನು ಎಣ್ಣೆಯ ಹತ್ತಿರಕ್ಕೂ ತರಬೇಡಿ. ಅವು ಉರಿಗೆ ಆಮ್ಲಜನಕ ಒದಗಿಸುವ ವಸ್ತುಗಳು, ಎಣ್ಣೆಯೊಂದಿಗೆ ಬೆರೆತು ಬಿಸಿಯಾದರೆ ಅನಾಹುತ.

ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕೆಲವು ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳಬಹುದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ: ಸಂಜೆ ಬಿಸಾಡಿದ ಬನಿಯನ್ ಚೂರು ಕತ್ತಲಾಗುವಷ್ಟರಲ್ಲಿ ಹೊಗೆಯಾಡುತ್ತಿತ್ತು, ಮುಟ್ಟಿದರೆ ನಡುವೆ ಕೆಂಡದಂತೆ ಬಿಸಿ. ಬಟ್ಟೆಯನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಲೇಪಿಸಿದ ಕಾಳನ್ನೂ ಪೂರ್ತಿ ಒಣಗುವ ತನಕ ರಾಶಿ ಹಾಕಬೇಡಿ, ಚೀಲಕ್ಕೆ ತುಂಬಬೇಡಿ.

ಮೂರನೆಯದು ಕಾನೂನಿನ ಮಾತು. ನಿಮ್ಮ ಹೊಲದ ಪ್ರಯೋಗಕ್ಕೆ ಅರ್ಧ ಕಿಲೋ ಮಾಡಿಕೊಳ್ಳುವುದು ಬೇರೆ, ಪೊಟ್ಟಣ ಕಟ್ಟಿ ಮಾರುವುದು ಬೇರೆ. ಮಾರಾಟಕ್ಕೆ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಯಲ್ಲಿ ಅನುಮತಿ ಬೇಕೇ ಬೇಕು.

ಸಾಮಗ್ರಿ

ಅರ್ಧ ಕಿಲೋ ಯೂರಿಯಾಕ್ಕೆ ಲೆಕ್ಕ ಕೊಡುತ್ತೇನೆ. ಕಾಳು ದಪ್ಪವಾಗಿದ್ದಷ್ಟೂ ಒಳ್ಳೆಯದು. ಒಂದು ಸಣ್ಣ ಲೆಕ್ಕ ಇದನ್ನು ತೋರಿಸುತ್ತದೆ: ತೂಕದ ಶೇ 5ರಷ್ಟು ಲೇಪನ ಹಾಕಿದರೆ 3 ಮಿಲಿಮೀಟರ್ ಕಾಳಿನ ಮೇಲೆ ಸುಮಾರು 33 ಮೈಕ್ರಾನ್ ದಪ್ಪದ ಪೊರೆ ಬರುತ್ತದೆ, ಅಂದರೆ ತಲೆಗೂದಲಿನ ಅರ್ಧದಷ್ಟು. ಅದೇ ಶೇ 5ನ್ನು ಒಂದೂವರೆ ಮಿಲಿಮೀಟರ್ ಕಾಳಿಗೆ ಹಾಕಿದರೆ 17 ಮೈಕ್ರಾನ್ ಮಾತ್ರ. ಸಣ್ಣ ಕಾಳು ಎಣ್ಣೆ ಕುಡಿಯುತ್ತದೆ, ಪೊರೆ ತೆಳುವಾಗಿಯೇ ಉಳಿಯುತ್ತದೆ. ಎರಡು ಜರಡಿ ಹಿಡಿದು 2.8ರಿಂದ 4 ಮಿಲಿಮೀಟರ್ ನಡುವಿನ ಕಾಳು ಆರಿಸಿ. ಒಡೆದದ್ದು, ಪುಡಿ, ಅಂಟಿದ ಜೋಡಿ ಕಾಳು ಎಲ್ಲ ಹೊರಗೆ. ಮುರಿದ ಕಾಳಿನ ಚೂಪು ಅಂಚಿನ ಮೇಲೆ ಪೊರೆ ನಿಲ್ಲುವುದಿಲ್ಲ.

ಅಗಸೆ ಎಣ್ಣೆ 25 ಗ್ರಾಂ. ಬಣ್ಣದಂಗಡಿಯ ‘ಡಬಲ್ ಬಾಯಿಲ್ಡ್’ ಎಣ್ಣೆಯಲ್ಲಿ ಸೀಮೆಎಣ್ಣೆಯೋ ಖನಿಜ ತೈಲವೋ ಬೆರೆತಿರಬಹುದು. ಹಳೆಯ ಪದ್ಧತಿಯಲ್ಲಿ ಸೀಸದ ಡ್ರೈಯರ್ (ಎಣ್ಣೆ ಬೇಗ ಒಣಗಲೆಂದು ಬೆರೆಸುವ ಲೋಹದ ಸಂಯುಕ್ತ) ಹಾಕಿರುವ ಸಾಧ್ಯತೆಯೂ ಉಂಟು, ಮಣ್ಣಿಗೆ ಹೋಗುವ ವಸ್ತುವಿನಲ್ಲಿ ಸೀಸ ಬೇಡವೇ ಬೇಡ. ಗಾಣದ ಹಸಿ ಅಗಸೆ ಎಣ್ಣೆ ತಂದು ನೀವೇ ಡ್ರೈಯರ್ ಸೇರಿಸುವುದು ನನ್ನ ಆಯ್ಕೆ. ಶೇ 6 ಲೋಹಾಂಶದ ಮ್ಯಾಂಗನೀಸ್ ಆಕ್ಟೋಯೇಟ್ 25 ಗ್ರಾಂ ಎಣ್ಣೆಗೆ 0.3 ಗ್ರಾಂ ಸಾಕು. ಕೋಬಾಲ್ಟ್ ಇನ್ನೂ ಚುರುಕು, ಆದರೆ ಮ್ಯಾಂಗನೀಸ್ ಬೆಳೆಗೆ ಬೇಕಾದ ಲಘು ಪೋಷಕಾಂಶವೇ ಆಗಿರುವುದರಿಂದ ಮನಸ್ಸಿಗೆ ನೆಮ್ಮದಿ.

ಎಣ್ಣೆಯ ಸಾಚಾತನಕ್ಕೆ ಒಂದು ಪರೀಕ್ಷೆ: ಗಾಜಿನ ತುಂಡಿನ ಮೇಲೆ ಡ್ರೈಯರ್ ಬೆರೆಸಿದ ಎಣ್ಣೆಯನ್ನು ತೆಳುವಾಗಿ ಸವರಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಡಿ. ಮರುದಿನ ಮತ್ತೆ ತೂಗಿ. ಅಸಲಿ ಅಗಸೆ ಎಣ್ಣೆ ಆಮ್ಲಜನಕ ಹೀರುವುದರಿಂದ ತೂಕ ಹೆಚ್ಚಾಗಿರುತ್ತದೆ. ತೂಕ ಇಳಿದಿದ್ದರೆ ಅದರಲ್ಲಿ ಹಾರಿಹೋಗುವ ದ್ರಾವಕ ಇತ್ತೆಂದು ತಿಳಿಯಿರಿ. ಬೆರಳಿಟ್ಟಾಗ ಅಂಟದ, ಉಗುರಿನಿಂದ ಎತ್ತಿದರೆ ಸಿಪ್ಪೆಯಂತೆ ಏಳುವ ಪೊರೆ ಬರದಿದ್ದರೆ ಆ ಎಣ್ಣೆಯಲ್ಲಿ ಮುಂದುವರಿಯಬೇಡಿ.

ಇನ್ನು ಬೇಕಾದದ್ದು 5 ಗ್ರಾಂ ಜೇನುಮೇಣ, ನುಣುಪಾದ ಟಾಲ್ಕ್ ಅಥವಾ ಬೆಂಟೋನೈಟ್ ಪುಡಿ 10 ಗ್ರಾಂ, ದುಂಡು ತಳದ ಸ್ಟೀಲ್ ಪಾತ್ರೆ, ತಾಪಮಾಪಕ, ಕೂದಲು ಒಣಗಿಸುವ ಯಂತ್ರ, ಅಗಲವಾದ ತಟ್ಟೆಗಳು. ಪಾತ್ರೆಯನ್ನು ಓರೆಯಾಗಿ ನಿಲ್ಲಿಸಿ ನಿಮಿಷಕ್ಕೆ ಮೂವತ್ತು ಸುತ್ತಿನ ಆಸುಪಾಸಿನಲ್ಲಿ ತಿರುಗಿಸುವ ಸಣ್ಣ ಮೋಟಾರ್ ಇದ್ದರೆ ಅರ್ಧ ಶ್ರಮ ಉಳಿಯುತ್ತದೆ.

ಲೇಪನ: ಕುಸುರೆಳ್ಳಿನ ಪಾಠ

ಸಂಕ್ರಾಂತಿಗೆ ಮನೆಯಲ್ಲಿ ಕುಸುರೆಳ್ಳು ಮಾಡುವುದನ್ನು ನೋಡಿದವರಿಗೆ ಈ ಕೆಲಸ ಅರ್ಧ ಗೊತ್ತು. ಮಂದ ಕೆಂಡದ ಮೇಲೆ ಅಗಲ ತಟ್ಟೆ, ಅದರಲ್ಲಿ ಎಳ್ಳು, ಚಮಚದ ತುದಿಯಿಂದ ನಾಲ್ಕು ಹನಿ ಪಾಕ, ಬೆರಳಿನಿಂದ ಬಿಡದೆ ಆಡಿಸುವುದು. ಒಣಗಿದ ಮೇಲೆ ಇನ್ನು ನಾಲ್ಕು ಹನಿ. ನನ್ನ ತಾಯಿ ಎರಡು ಮೂರು ದಿನ ಕೂತು ಒಂದು ಡಬ್ಬಿ ಮಾಡುತ್ತಿದ್ದರು. ಆತುರಪಟ್ಟು ಒಂದು ಚಮಚ ಹೆಚ್ಚು ಪಾಕ ಸುರಿದರೆ ಎಳ್ಳೆಲ್ಲ ಕಟ್ಟಿಕೊಂಡು ಚಿಕ್ಕಿಯಾಗುತ್ತಿತ್ತು. ಔಷಧ ಕಾರ್ಖಾನೆಯ ಮಾತ್ರೆಗೂ ಗೊಬ್ಬರದ ಕಾಳಿಗೂ ಲೇಪನ ಕೂರಿಸುವ ವಿದ್ಯೆ ಇದೇ.

ಒಣ ಹವೆಯ ದಿನ ಆರಿಸಿಕೊಳ್ಳಿ. ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ತೇವ ಶೇ 73 ದಾಟಿದರೆ ಯೂರಿಯಾ ತಾನಾಗಿಯೇ ನೀರು ಹೀರಿ ಬೆವರತೊಡಗುತ್ತದೆ. ಮಲೆನಾಡಿನ ಜುಲೈನಲ್ಲಿ ಈ ಕೆಲಸ ಹಿಡಿಯುವುದು ವ್ಯರ್ಥ. ಜನವರಿಯಿಂದ ಏಪ್ರಿಲ್ ಹೇಳಿ ಮಾಡಿಸಿದ ಕಾಲ.

ಮೊದಲ ಹೆಜ್ಜೆ, ಕಾಳನ್ನು ಪಾತ್ರೆಗೆ ಹಾಕಿ ಬಿಸಿಗಾಳಿ ಬಿಡುತ್ತ 60–65 ಡಿಗ್ರಿಗೆ ತನ್ನಿ. ನೇರ ಉರಿ ಬೇಡ. ಯೂರಿಯಾ 133 ಡಿಗ್ರಿಗೆ ಕರಗುತ್ತದೆ, ಆ ಆಸುಪಾಸಿನಲ್ಲಿ ಬೆಳೆಗೆ ಕೆಡುಕು ಮಾಡುವ ಬೈಯುರೆಟ್ ಹುಟ್ಟುತ್ತದೆ.

ಎರಡನೆಯದು, ಪಾತ್ರೆ ತಿರುಗುತ್ತಿರುವಾಗಲೇ 2.5 ಗ್ರಾಂ ಎಣ್ಣೆಯನ್ನು ಸಿರಿಂಜಿನಿಂದ ಹನಿ ಹನಿಯಾಗಿ, ಒಂದೇ ಕಡೆ ಬೀಳದಂತೆ ಹಾಕಿ. ಹದಿನೈದು ನಿಮಿಷ ತಿರುಗಲಿ. ಕಾಳೆಲ್ಲ ಸಮನಾಗಿ ಹೊಳೆಯಬೇಕು. ಕೆಲವು ಕಾಳು ಹೊಳೆದು ಕೆಲವು ಮಂಕಾಗಿದ್ದರೆ ಇನ್ನೂ ಐದು ನಿಮಿಷ ಬಿಡಿ, ಎಣ್ಣೆ ಮಾತ್ರ ಹೆಚ್ಚಿಸಬೇಡಿ.

ಮೂರನೆಯದು, ಚಿಟಿಕೆಯಷ್ಟು ಟಾಲ್ಕ್ ಉದುರಿಸಿ ಎರಡು ನಿಮಿಷ ತಿರುಗಿಸಿ. ಕಾಳುಗಳು ಒಂದಕ್ಕೊಂದು ಅಂಟುವುದು ನಿಲ್ಲುತ್ತದೆ. ನಂತರ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಬಿಸಿಲಿನಲ್ಲೋ 60 ಡಿಗ್ರಿಯ ಒಲೆಪೆಟ್ಟಿಗೆಯಲ್ಲೋ ಎರಡು ಗಂಟೆ ಬಿಡಿ. ನಡುನಡುವೆ ತಟ್ಟೆ ಅಲುಗಾಡಿಸಿ. ಅಂಗೈಯಲ್ಲಿ ಹತ್ತು ಕಾಳು ಹಿಡಿದು ಮುಷ್ಟಿ ಬಿಗಿದು ಬಿಡಿ. ಎಲ್ಲವೂ ಬಿಡಿಬಿಡಿಯಾಗಿ ಉದುರಿದರೆ ಮುಂದಿನ ಸುತ್ತಿಗೆ ಸಿದ್ಧ.

ಇದನ್ನೇ ಹತ್ತು ಸಲ ಮಾಡಬೇಕು, ದಿನಕ್ಕೆ ನಾಲ್ಕು ಸುತ್ತಿನಂತೆ ಮೂರು ದಿನ. ಹತ್ತು ತೆಳು ಪದರ ಏಕೆ, ಎರಡು ದಪ್ಪ ಪದರ ಏಕಾಗದು? ಪ್ರತಿ ಪದರದಲ್ಲೂ ಸೂಜಿಮೊನೆಯಂಥ ರಂಧ್ರಗಳು ಉಳಿದೇ ಉಳಿಯುತ್ತವೆ. ಮುಂದಿನ ಪದರ ಅವನ್ನು ಮುಚ್ಚುತ್ತದೆ. ಒಂದು ಪದರದ ರಂಧ್ರದ ಮೇಲೆಯೇ ಮುಂದಿನ ಒಂಬತ್ತರ ರಂಧ್ರಗಳೂ ಬೀಳುವುದು ಅಪರೂಪ. ದಪ್ಪ ಪದರದಲ್ಲಿ ಇನ್ನೊಂದು ತೊಂದರೆಯಿದೆ, ಮೇಲ್ಮೈ ಮೊದಲು ಒಣಗಿ ಸುಕ್ಕುಗಟ್ಟುತ್ತದೆ, ಕೆಳಗಿನ ಎಣ್ಣೆಗೆ ಗಾಳಿ ಸಿಗದೆ ಹಸಿಯಾಗಿಯೇ ಉಳಿಯುತ್ತದೆ.

ಕೊನೆಯ ಸುತ್ತು ಚೆನ್ನಾಗಿ ಒಣಗಿದ ಮೇಲೆ, ಅಂದರೆ ಎರಡು ದಿನ ಬಿಟ್ಟು, ಕಾಳನ್ನು ಮತ್ತೆ 70 ಡಿಗ್ರಿಗೆ ತಂದು ಕರಗಿಸಿದ ಜೇನುಮೇಣ ಹಾಕಿ, ತಣ್ಣಗಾಗುವವರೆಗೂ ತಿರುಗಿಸುತ್ತಿರಿ. ಮೇಣ 62–65 ಡಿಗ್ರಿಯಲ್ಲಿ ಗಟ್ಟಿಯಾಗುತ್ತ ಉಳಿದ ರಂಧ್ರಗಳಲ್ಲಿ ಕೂರುತ್ತದೆ. ಮೇಣವನ್ನು ಮೊದಲೇ ಹಾಕಬೇಡಿ, ಅದರ ಮೇಲೆ ಎಣ್ಣೆ ಹಿಡಿಯುವುದಿಲ್ಲ.

ಹರಳೆಣ್ಣೆಯ ದಾರಿ, ಪ್ರಯೋಗಾಲಯದವರಿಗೆ

ಭೋಪಾಲದಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಇಲ್ಲಿ ಬಳಸುವ ಐಸೊಸಯನೇಟ್ ಆದ ಪಾಲಿಮೆರಿಕ್ ಎಂಡಿಐ ಅಷ್ಟು ಸುಲಭವಾಗಿ ಆವಿಯಾಗುವ ವಸ್ತುವಲ್ಲ, ಆದರೆ ಅದೇ ಕುಲದ್ದು. ಬಿಸಿ ಪಾತ್ರೆಯ ಮೇಲೆ ಅದರ ಆವಿ ಏಳುತ್ತದೆ. ಒಮ್ಮೆ ಅದರ ಅಲರ್ಜಿ ಹುಟ್ಟಿದ ದೇಹಕ್ಕೆ ಮುಂದೆ ಅತಿ ಕಡಿಮೆ ಪ್ರಮಾಣವೂ ಉಬ್ಬಸ ತರಬಹುದು. ಹೊಗೆಗೂಡು, ನೈಟ್ರೈಲ್ ಕೈಗವಸು, ಕನ್ನಡಕ, ಅನುಭವಿ ಮೇಲ್ವಿಚಾರಕರು ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಬೇಡಿ.

ಲೆಕ್ಕ ಹೀಗೆ. ಹರಳೆಣ್ಣೆಯ ಹೈಡ್ರಾಕ್ಸಿಲ್ ಮೌಲ್ಯ ಸುಮಾರು 163. 56,100ನ್ನು ಅದರಿಂದ ಭಾಗಿಸಿದರೆ ಸಮಾನಭಾರ, ಅಂದರೆ ಒಂದು ಹೈಡ್ರಾಕ್ಸಿಲ್ ಗುಂಪಿನ ಪಾಲಿಗೆ ಬರುವ ಎಣ್ಣೆಯ ತೂಕ, 344. ಶೇ 31 ಐಸೊಸಯನೇಟ್ ಅಂಶವಿರುವ ಎಂಡಿಐಗೆ 4,200ನ್ನು 31ರಿಂದ ಭಾಗಿಸಿದರೆ 135. ಹಾಗಾಗಿ 100 ಗ್ರಾಂ ಹರಳೆಣ್ಣೆಗೆ 39–40 ಗ್ರಾಂ ಎಂಡಿಐ. ಒಂದು ಕಿಲೋ ಯೂರಿಯಾಕ್ಕೆ ಶೇ 4 ಲೇಪನವೆಂದರೆ 28.5 ಗ್ರಾಂ ಎಣ್ಣೆ, 11.5 ಗ್ರಾಂ ಎಂಡಿಐ. ಇದನ್ನು ಎಂಟು ಭಾಗ ಮಾಡಿ, ಪ್ರತಿ ಭಾಗವನ್ನು ಹಾಕುವ ಕ್ಷಣದಲ್ಲೇ ಬೆರೆಸಿ, 70 ಡಿಗ್ರಿಯ ಕಾಳಿನ ಮೇಲೆ ಹನಿಸಿ, ಅಂಟು ಹೋಗುವ ತನಕ ತಿರುಗಿಸಿ. ಹತ್ತು ನಿಮಿಷ ಅಥವಾ ಇನ್ನೂ ಸ್ವಲ್ಪ ಹೆಚ್ಚು ಹಿಡಿಯಬಹುದು. ಎಣ್ಣೆಯಲ್ಲಿ ತೇವ ಇರಲೇಬಾರದು. ನೀರು ಐಸೊಸಯನೇಟ್ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಪೊರೆಯಲ್ಲಿ ಗುಳ್ಳೆ ಬರುತ್ತದೆ, ಗುಳ್ಳೆ ಒಡೆದಲ್ಲಿ ರಂಧ್ರ. ಎಣ್ಣೆಯನ್ನು 110 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ಮುಚ್ಚಿ, ಆರಿಸಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹರಳೆಣ್ಣೆಯಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಈ ಪೊರೆ ಮಣ್ಣಿನಲ್ಲಿ ಕೊಳೆಯುತ್ತದೆ ಎನ್ನಲಾಗದು. ಎಣ್ಣೆಯ ಎಸ್ಟರ್ ಬಂಧಗಳನ್ನು ಸೂಕ್ಷ್ಮಜೀವಿಗಳ ಲೈಪೇಸ್ ಕಿಣ್ವ ಕತ್ತರಿಸುತ್ತದೆ, ಆದರೆ ಪೆಟ್ರೋಲಿಯಂ ಮೂಲದ ಎಂಡಿಐ ಭಾಗದ ಬೆಂಜೀನ್ ಉಂಗುರಗಳು ಬಹಳ ಹಟಮಾರಿ. ಸಸ್ಯಮೂಲ ಎಂಬ ಪದವನ್ನೂ ಜೈವಿಕವಾಗಿ ಕೊಳೆಯುವ ಎಂಬ ಪದವನ್ನೂ ಒಂದೇ ಅರ್ಥದಲ್ಲಿ ಬಳಸುವ ಜಾಹೀರಾತುಗಳನ್ನು ನಂಬಬೇಡಿ. ನಾನು ಅಗಸೆ ಎಣ್ಣೆಯ ಕಡೆ ವಾಲುವುದಕ್ಕೆ ಇದೂ ಒಂದು ಕಾರಣ.

ಲೋಟದ ಪರೀಕ್ಷೆ

ಪೊರೆ ನೋಡಲು ಚೆನ್ನಾಗಿದೆ ಎಂದು ಹೊಲಕ್ಕೆ ಹೋಗಬೇಡಿ. ಮೊದಲು ಇಪ್ಪತ್ತು ಕಾಳನ್ನು ನೀರಿಗೆ ಹಾಕಿ 24 ಗಂಟೆ ಬಿಟ್ಟು ಒಂದೊಂದನ್ನೇ ತೆಗೆದು ಬೆರಳುಗಳ ನಡುವೆ ಒತ್ತಿ. ಗಟ್ಟಿಯಾಗಿದ್ದರೆ ಒಳಗೆ ಯೂರಿಯಾ ಇನ್ನೂ ಕರಗಿಲ್ಲ. ನೆನೆದ ಸಬ್ಬಕ್ಕಿಯಂತೆ ಮೆತ್ತಗೆ, ಅರೆಪಾರದರ್ಶಕವಾಗಿ, ಒತ್ತಿದರೆ ‘ಟಪ್’ ಎಂದು ನೀರು ಚಿಮ್ಮಿದರೆ ಒಳಗೆ ಪಾಕವಾಗಿದೆ, ಪೊರೆ ಹಿಡಿದಿಟ್ಟುಕೊಂಡಿದೆ. ಇದು ಸರಿಯಾದ ಲಕ್ಷಣ. ಒಣ ಟೊಮೆಟೊ ಸಿಪ್ಪೆಯಂತೆ ಚಪ್ಪಟೆಯಾಗಿದ್ದರೆ ಆ ಕಾಳು ಮೊದಲ ದಿನವೇ ಸೋರಿಹೋಗಿದೆ. ಇಪ್ಪತ್ತರಲ್ಲಿ ಚಪ್ಪಟೆಯಾದದ್ದು ಮೂರಕ್ಕಿಂತ ಹೆಚ್ಚಿದ್ದರೆ ಇನ್ನೆರಡು ಸುತ್ತು ಲೇಪನ ಬೇಕು. ಮೇಣ ಹಾಕುವ ಮೊದಲೇ ಈ ಪರೀಕ್ಷೆ ಮಾಡುವುದು ಜಾಣತನ.

ಸಂಖ್ಯೆ ಬೇಕೆನ್ನುವವರು 10 ಗ್ರಾಂ ಲೇಪಿತ ಕಾಳನ್ನು 200 ಮಿಲಿಲೀಟರ್ ನೀರಿನಲ್ಲಿ, 25 ಡಿಗ್ರಿಯಲ್ಲಿ ಮುಚ್ಚಿಡಬೇಕು. ಹಲವರು ಇಲ್ಲಿ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ‘ಏನೂ ಹೊರಬಂದಿಲ್ಲ’ ಎಂದು ಸಂತೋಷಪಡುತ್ತಾರೆ. ಯೂರಿಯಾ ನೀರಿನಲ್ಲಿ ಅಯಾನುಗಳಾಗಿ ಒಡೆಯುವುದಿಲ್ಲ, ಆ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಹಣ್ಣಿನ ಸಿಹಿ ಅಳೆಯುವ ಬ್ರಿಕ್ಸ್ ರಿಫ್ರಾಕ್ಟೋಮೀಟರ್ ಇದಕ್ಕೆ ಸರಿಯಾದ ಸಾಧನ. 100 ಮಿಲಿಲೀಟರ್ ನೀರಿಗೆ ಅರ್ಧ, 1, 2, 4 ಗ್ರಾಂ ಯೂರಿಯಾ ಕರಗಿಸಿ ಓದನ್ನು ಬರೆದುಕೊಂಡು ನಿಮ್ಮದೇ ಗೆರೆ ಎಳೆದುಕೊಳ್ಳಿ. ಒಂದು ಬ್ರಿಕ್ಸ್ ಹೆಚ್ಚುಕಡಿಮೆ ಶೇ 1 ಯೂರಿಯಾ ಎಂದು ಕಾಣುತ್ತದೆ. ಶೇ 5 ಲೇಪನವಿರುವ 10 ಗ್ರಾಂನಲ್ಲಿ 9.5 ಗ್ರಾಂ ಯೂರಿಯಾ ಇರುತ್ತದೆ, ಪೂರ್ತಿ ಹೊರಬಂದರೆ ನೀರಿನಲ್ಲಿ ಶೇ 4.5ರಷ್ಟಾಗುತ್ತದೆ. ಯುರೋಪಿನಲ್ಲಿ ಒಪ್ಪಿಕೊಂಡ ಗೆರೆ ಹೀಗಿದೆ: 24 ಗಂಟೆಯಲ್ಲಿ ಶೇ 15ಕ್ಕಿಂತ, 28 ದಿನದಲ್ಲಿ ಶೇ 75ಕ್ಕಿಂತ ಹೆಚ್ಚು ಹೊರಬರಬಾರದು. ಅಂದರೆ ಮೊದಲ ದಿನದ ಓದು 0.7ರ ಒಳಗಿರಬೇಕು. ಮೊದಲ ಪ್ರಯತ್ನದಲ್ಲೇ ಆ ಗೆರೆ ಮುಟ್ಟದಿದ್ದರೆ ಎದೆಗುಂದಬೇಡಿ. ಬೆಳಗ್ಗೆ ಒಂದೇ ಹೊತ್ತಿಗೆ ಓದು ಬರೆದುಕೊಳ್ಳುತ್ತ ಹೋದರೆ ಮೊದಲು ಚಪ್ಪಟೆ, ನಂತರ ಏರು, ಕೊನೆಗೆ ಮತ್ತೆ ಚಪ್ಪಟೆಯಾಗುವ ಗೆರೆ ಮೂಡುತ್ತದೆ. ಮೊದಲ ದಿನವೇ ಗೆರೆ ನೆಟ್ಟಗೆ ಏರಿದರೆ ರಂಧ್ರಗಳಿವೆ ಎಂದರ್ಥ.

ಹೊಲದಲ್ಲಿ

ಶೇ 5 ಲೇಪನದ ನಂತರ ಯೂರಿಯಾದ ಸಾರಜನಕ 46ರಿಂದ 43.8ಕ್ಕೆ ಇಳಿದಿರುತ್ತದೆ, ಪ್ರಮಾಣವನ್ನು ಅದಕ್ಕೆ ತಕ್ಕಂತೆ ಲೆಕ್ಕಹಾಕಿ. ಬಿಡುಗಡೆಯ ವೇಗ ಮಣ್ಣಿನ ಬಿಸಿಯ ಜೊತೆ ಏರುತ್ತದೆ, ಹತ್ತು ಡಿಗ್ರಿ ಹೆಚ್ಚಿದರೆ ಸುಮಾರು ಎರಡು ಪಟ್ಟು. ಲೋಟದಲ್ಲಿ 40 ದಿನ ಬಂದದ್ದು ರಾಯಚೂರಿನ ಬೇಸಿಗೆಯ ಮಣ್ಣಿನಲ್ಲಿ 20 ದಿನವೇ ಬರಬಹುದು. ಕುಂಡದ ಮೆಣಸಿನಕಾಯಿ ಅಥವಾ ಟೊಮೆಟೊದಿಂದ ಆರಂಭಿಸಿ. ನಾಲ್ಕು ಸಾಲು ಇಡಿ: ಯೂರಿಯಾ ಇಲ್ಲದ್ದು, ಸಾಮಾನ್ಯ ಯೂರಿಯಾವನ್ನು ಕಂತಿನಲ್ಲಿ ಕೊಟ್ಟದ್ದು, ಅಷ್ಟೇ ಸಾರಜನಕವನ್ನು ಲೇಪಿತ ರೂಪದಲ್ಲಿ ನಾಟಿಯ ದಿನವೇ ಕೊಟ್ಟದ್ದು, ಲೇಪಿತವನ್ನೇ ಕಾಲು ಭಾಗ ಕಡಿಮೆ ಕೊಟ್ಟದ್ದು. ಕೊನೆಯ ಸಾಲಿನ ಇಳುವರಿ ಎರಡನೆಯ ಸಾಲಿಗೆ ಸಮನಾಗಿ ಬಂದರೆ ನಿಮ್ಮ ಲೇಪನ ಗೊಬ್ಬರ ಉಳಿಸಲು ಶುರುಮಾಡಿದೆ. ಕಾಳನ್ನು ಐದು ಸೆಂಟಿಮೀಟರ್ ಆಳಕ್ಕೆ ಹಾಕಿ ಮಣ್ಣು ಮುಚ್ಚಿ. ಗುದ್ದಲಿ, ಕುಂಟೆಗಳ ಪೆಟ್ಟು ಬಿದ್ದರೆ ಪೊರೆ ಒಡೆಯುತ್ತದೆ.

ಇನ್ನು ಪೊರೆ ನಿಜಕ್ಕೂ ಮಣ್ಣಾಗುತ್ತದೆಯೇ ಎಂದು ನೋಡುವ ಕೆಲಸ. ನೂರಿನ್ನೂರು ಲೇಪಿತ ಕಾಳುಗಳನ್ನು ಸೂಜಿಯಿಂದ ಚುಚ್ಚಿ ನೀರಿನಲ್ಲಿ ಹಾಕಿ, ನೀರು ಬದಲಿಸುತ್ತ ಯೂರಿಯಾವನ್ನೆಲ್ಲ ತೊಳೆದು, ಖಾಲಿ ಸಿಪ್ಪೆಗಳನ್ನು ಒಣಗಿಸಿ ತೂಗಿ. ನುಣುಪು ನೈಲಾನ್ ಜಾಲರಿಯ ಪುಟ್ಟ ಚೀಲಗಳಲ್ಲಿ ಸಮಪಾಲು ಹಾಕಿ ಹತ್ತು ಸೆಂಟಿಮೀಟರ್ ಆಳದಲ್ಲಿ ಹೂತು, ಗುರುತಿನ ಕೋಲು ನೆಡಿ. ಎರಡು ತಿಂಗಳಿಗೊಂದು ಚೀಲ ತೆಗೆದು ತೊಳೆದು, ಒಣಗಿಸಿ, ತೂಗಿ. ತೂಕ ಇಳಿದ ಮಾತ್ರಕ್ಕೆ ಪೂರ್ತಿ ಕೊಳೆತಿದೆ ಎನ್ನಲಾಗದು, ಪುಡಿಯಾಗಿ ಜಾಲರಿಯಿಂದ ಉದುರಿರಲೂಬಹುದು. ಅದನ್ನು ಖಚಿತಪಡಿಸಲು ಐಎಸ್ಒ 17556 ಪರೀಕ್ಷೆಯಂತೆ ಮಣ್ಣಿನಿಂದ ಏಳುವ ಇಂಗಾಲದ ಡೈಆಕ್ಸೈಡ್ ಅಳೆಯಬೇಕು, ಅದಕ್ಕೆ ಪ್ರಯೋಗಾಲಯದ ನೆರವು ಬೇಕು. ಚೀಲ ಹೂಳುವ ದಿನಾಂಕ, ಸಿಪ್ಪೆಯ ತೂಕ ಎರಡನ್ನೂ ಸೀಸದಕಡ್ಡಿಯಿಂದ ಬರೆದು ಆ ಚೀಟಿಯನ್ನು ಚೀಲದೊಳಗಲ್ಲ, ಮನೆಯ ಪುಸ್ತಕದಲ್ಲಿ ಇಡಿ. ಮಣ್ಣಿನಲ್ಲಿ ಚೀಟಿಯೇ ಮೊದಲು ಕೊಳೆಯುತ್ತದೆ.